‘ಒಂಥರಾ ಶಬ್ದ’ದ ವಿರುದ್ಧ

ಗ್ಯಾರೇಜಿನ ಮುಂದೆ ಕಾರು ನಿಲ್ಲಿಸುವ ಓದಿದವರ ಬಾಯಿಂದ ಬರುವ ಮೊದಲ ಮಾತು ಬಹುಪಾಲು ಒಂದೇ: ‘ಅಣ್ಣ, ಎಂಜಿನ್ನಿಂದ ಒಂಥರಾ ಶಬ್ದ ಬರ್ತಿದೆ.’ ಯಾವ ಥರ ಸಾರ್ ಎಂದು ಮೆಕ್ಯಾನಿಕ್ ಕೇಳುತ್ತಾರೆ. ‘ಅದೇ, ಒಂಥರಾ ಜೋರು.’ ಬೆಳಗ್ಗೆ ಸ್ಟಾರ್ಟ್ ಮಾಡಿದಾಗಲೋ, ಬಿಸಿಯಾದ ಮೇಲೋ? ನಿಂತಾಗಲೋ, ಓಡುವಾಗಲೋ? ಏರು ಹತ್ತುವಾಗ ಹೆಚ್ಚಾಗುತ್ತದೋ? ಎಸಿ ಹಾಕಿದರೆ ಬದಲಾಗುತ್ತದೋ? ಈ ಪ್ರಶ್ನೆಗಳಿಗೆ ಉತ್ತರವಿಲ್ಲ. ದಿನಾ ಎರಡು ಗಂಟೆ ಆ ಎಂಜಿನ್ನಿನ ಹಿಂದೆ ಕೂತವರು, ಅದರ ಕಂತು ಕಟ್ಟುತ್ತಿರುವವರು, ಅದರ ಬಗ್ಗೆ ಹೇಳಬಲ್ಲದ್ದು ‘ಒಂಥರಾ’ ಮಾತ್ರ.

ಬರೆಯುವವರಾದ ನಮ್ಮ ಕತೆಯೂ ಬೇರೆಯಲ್ಲ. ನಮ್ಮ ಪ್ರಬಂಧಗಳಲ್ಲಿ ಹೊಳೆ ಜುಳುಜುಳು ಎನ್ನುತ್ತದೆ, ಎಲೆ ಮರಮರ ಎನ್ನುತ್ತದೆ, ಮಳೆಗೆ ಜಿಟಿಜಿಟಿ, ಪಟಪಟ, ಧೋ ಎಂಬ ಮೂರು ನಡೆಗಳಿವೆ. ಎಂಜಿನ್ನಿಗೆ ಬಂದಾಗ ಮಾತ್ರ ಒಂದೇ ಪದ: ಕರ್ಕಶ. ನಗರ ಕೆಟ್ಟದ್ದು, ಯಂತ್ರ ಅಮಾನವೀಯ, ಬಾಲ್ಯದ ಊರು ಶಾಂತ ಎಂದು ಹೇಳಬೇಕಾದಾಗಲೆಲ್ಲ ಈ ಪದವನ್ನು ಕರೆತಂದು ನಿಲ್ಲಿಸುತ್ತೇವೆ. ಗಿರಾಕಿಯ ‘ಒಂಥರಾ’ ಮತ್ತು ಲೇಖಕರ ‘ಕರ್ಕಶ’ ಒಂದೇ ಅನಕ್ಷರತೆಯ ಎರಡು ಹೆಸರುಗಳು ಎಂಬುದು ನನ್ನ ವಾದ. ಈ ಅನಕ್ಷರತೆಗೆ ಬೆಲೆಯಿದೆ. ಅದನ್ನು ದುಡ್ಡಿನಲ್ಲಿ, ಕೆಲವೊಮ್ಮೆ ಜೀವದಲ್ಲಿ ತೆರುತ್ತೇವೆ.

ಕನ್ನಡಕ್ಕೆ ಶಬ್ದಗಳ ಬಡತನವಿಲ್ಲ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಮಾತಿನ ಶಬ್ದ ಹುಟ್ಟುವ ಬಗೆಯನ್ನು ಕಹಳೆಗೆ ಹೋಲಿಸಿದ; ಗಾಳಿ, ಕೊಳವೆ, ನಾದ ಇವುಗಳ ಸಂಬಂಧ ಅವನಿಗೆ ಗೊತ್ತಿತ್ತು. ಅನುಕರಣ ಶಬ್ದಗಳನ್ನು ಅವನ ವ್ಯಾಕರಣ ಹೊರಗಿಡಲಿಲ್ಲ. ಕಂಡದ್ದಕ್ಕೆಲ್ಲ, ಕೇಳಿದ್ದಕ್ಕೆಲ್ಲ ‘ಎನ್ನು’ ಸೇರಿಸಿ ಕ್ರಿಯಾಪದ ಮಾಡಿಕೊಳ್ಳುವ ಭಾಷೆ ನಮ್ಮದು. ಟಕಟಕ, ಕಟಕಟ, ಗೊರಗೊರ, ಕಿರ್ರ್, ಬುಸ್, ಗುಂಯ್, ದಬ್, ಗಲಗಲ: ಇವುಗಳಲ್ಲಿ ಯಾವ ಎರಡೂ ಒಂದೇ ಅಲ್ಲ. ಗ್ಯಾರೇಜಿನಲ್ಲಿ ಇವೆಲ್ಲ ಇವತ್ತಿಗೂ ದುಡಿಯುತ್ತಿವೆ. ನಿವೃತ್ತಿ ಕೊಟ್ಟವರು ನಾವು.

ಹಾಗಾದರೆ ಎಂಜಿನ್ ಏನು ಹೇಳುತ್ತದೆ, ನೋಡೋಣ.

ನಾಲ್ಕು ಸಿಲಿಂಡರಿನ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ಪ್ರತಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಹೊತ್ತಿಕೊಳ್ಳುತ್ತದೆ. ಅಂದರೆ ನಿಮಿಷಕ್ಕೆ 1600 ಸಣ್ಣ ಸ್ಫೋಟಗಳು. ಹೆದ್ದಾರಿಯಲ್ಲಿ 3000 ಸುತ್ತಿಗೆ ಅದು 6000 ಆಗುತ್ತದೆ. ಇಷ್ಟು ಸ್ಫೋಟಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಯಂತ್ರ ಪಕ್ಕದಲ್ಲಿ ಕೂತವರ ಪಿಸುಮಾತು ಕೇಳುವಷ್ಟು ಮೆತ್ತಗಿರುವುದೇ ಆಶ್ಚರ್ಯ. ಜೋರಾಗಿ ಕೇಳತೊಡಗಿದೆ ಎಂದರೆ, ಆ ಮೌನವನ್ನು ಕಾಯುತ್ತಿದ್ದ ಯಾವುದೋ ಒಂದು ಭಾಗ ಕೈಬಿಟ್ಟಿದೆ ಎಂದರ್ಥ. ಯಾವುದು ಎಂದು ಶಬ್ದವೇ ಹೇಳುತ್ತದೆ.

ಮೊದಲನೆಯದು ಸೈಲೆನ್ಸರ್. ಸುಟ್ಟ ಅನಿಲ ಒತ್ತಡದ ಅಲೆಗಳಾಗಿ ಹೊರಬರುತ್ತದೆ. ಸೈಲೆನ್ಸರಿನೊಳಗಿನ ತೂತಿನ ಕೊಳವೆಗಳೂ ಕೋಣೆಗಳೂ ಆ ಅಲೆಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿ ಅಡಗಿಸುತ್ತವೆ. ಅದು ತುಕ್ಕು ಹಿಡಿದು ತೂತಾದರೆ ಕಾರು ಕೆಳದನಿಯಲ್ಲಿ ಭೋರ್ಗರೆಯುತ್ತದೆ. ತುಕ್ಕು ಬರುವುದು ಮಳೆಯಿಂದ ಮಾತ್ರ ಎಂದುಕೊಂಡಿದ್ದರೆ ತಪ್ಪು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಮನೆಯಿಂದ ತರಕಾರಿ ಅಂಗಡಿಗೆ, ಅಂಗಡಿಯಿಂದ ಮನೆಗೆ ಅಷ್ಟೇ ಓಡುವ ಕಾರಿನ ಸೈಲೆನ್ಸರ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಆ ನೀರು ಒಳಗೇ ನಿಂತು ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಎಂಜಿನ್ನಿನ ಹತ್ತಿರ, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಸೋರಿಕೆಯಾದರೆ ಶಬ್ದ ಬೇರೆ: ಚಿಕ್ ಚಿಕ್ ಚಿಕ್. ತಣ್ಣಗಿರುವಾಗ ಜೋರು. ಬಿಸಿಯಾದಂತೆ ಲೋಹ ಹಿಗ್ಗಿ ಸಂದು ಮುಚ್ಚಿಕೊಂಡು ಕಡಿಮೆಯಾಗುತ್ತದೆ. ‘ತಾನೇ ಸರಿಹೋಯ್ತು’ ಎಂದು ಮಾಲೀಕ ಸಮಾಧಾನ ಪಡುವುದು ಇಲ್ಲಿಯೇ. ಸರಿಹೋಗಿರುವುದಿಲ್ಲ. ಅದೇ ಸಂದಿನಿಂದ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಜಿನ್ ಚಾಲೂ ಇಟ್ಟು, ಗಾಜು ಏರಿಸಿ, ಎಸಿ ಹಾಕಿ ಮಲಗುವ ಟ್ಯಾಕ್ಸಿ ಚಾಲಕನ ಮಟ್ಟಿಗೆ ಆ ಚಿಕ್ ಚಿಕ್ ಸಿಗುವ ಏಕೈಕ ಎಚ್ಚರಿಕೆಯಾಗಿರಬಹುದು.

ಎರಡನೆಯದು ಟ್ಯಾಪೆಟ್ ಶಬ್ದ. ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್, ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಾಗ ಒಂದೇ ಸುತ್ತು ತಿರುಗುತ್ತದೆ. ಅಲ್ಲಿ ಸಂದು ಹೆಚ್ಚಾದರೆ, ಅಥವಾ ಆಯಿಲ್ ಮೇಲಿನವರೆಗೆ ತಲುಪದಿದ್ದರೆ, ಹೊಲಿಗೆ ಯಂತ್ರದ ಹಾಗೆ ತೆಳ್ಳಗೆ ಟಿಕ್ ಟಿಕ್ ಎನ್ನುತ್ತದೆ. ಮೂರನೆಯದು ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋದ ಶಬ್ದ: ದಪ್ಪ, ಆಳ, ಮರದ ಸುತ್ತಿಗೆಯಿಂದ ಒಳಗಿನಿಂದ ಬಡಿದಂತೆ. ಇದು ಕ್ರ್ಯಾಂಕ್ ಶಾಫ್ಟಿನ ಪ್ರತಿ ಸುತ್ತಿಗೂ ಬಡಿಯುತ್ತದೆ. ಸಂಗೀತ ಬಲ್ಲವರಿಗೆ ಹೇಳಬೇಕೆಂದರೆ ಟ್ಯಾಪೆಟ್ ಒಂದನೇ ಕಾಲದಲ್ಲಿ ನುಡಿದರೆ ಬೇರಿಂಗ್ ಎರಡನೇ ಕಾಲದಲ್ಲಿ. ವ್ಯತ್ಯಾಸ ಹಿಡಿಯಲು ತಾಳಜ್ಞಾನ ಸಾಕು. ಹಿಡಿಯದಿದ್ದರೆ ಏನಾಗುತ್ತದೆ? ಟಿಕ್ ಟಿಕ್ ಎನ್ನುವ ಕಾರನ್ನು ಆಯಿಲ್ ನೋಡಿಕೊಂಡು ಗ್ಯಾರೇಜಿನವರೆಗೆ ಓಡಿಸಬಹುದು. ದಬ್ ದಬ್ ಎನ್ನುವ ಕಾರನ್ನು ಅಲ್ಲೇ ಬದಿಗೆ ಹಾಕಿ ಎಂಜಿನ್ ಆರಿಸಬೇಕು. ಆ ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರುವುದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲಿನಷ್ಟು ದಪ್ಪದ ಆಯಿಲ್ ಪದರ. ಅದು ಹರಿದುಹೋದ ಮೇಲೆ ಲೋಹಕ್ಕೆ ಲೋಹ ತಾಗುತ್ತದೆ; ಉಳಿದ ದೂರ ಕಿಲೋಮೀಟರುಗಳಲ್ಲಿ ಇರಬಹುದು, ನಿಮಿಷಗಳಲ್ಲೂ ಇರಬಹುದು. ಸಾಲ ಮಾಡಿ ಟ್ಯಾಕ್ಸಿ ಕೊಂಡವನಿಗೆ ಈ ಎರಡು ಶಬ್ದಗಳ ನಡುವಿನ ಅಂತರ ಅವನ ಸಂಸಾರದ ಅಂತರ. ‘ಒಂಥರಾ’ ಎಂಬ ಪದ ಎರಡನ್ನೂ ಒಂದು ಮಾಡಿಬಿಡುತ್ತದೆ.

ಇನ್ನುಳಿದವನ್ನು ಬೇಗ ಹೇಳುತ್ತೇನೆ. ಬೆಳಗಿನ ತಂಪಿನಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಕಿರ್ರ್ ಎಂದು ಕಿರುಚಿ ಸುಮ್ಮನಾಗುವುದು ಸಡಿಲವಾದ ಅಥವಾ ಸವೆದ ಬೆಲ್ಟು. ಬಿಡದೆ ಗೊರಗೊರ ಎನ್ನುವುದು ವಾಟರ್ ಪಂಪಿನದೋ ಆಲ್ಟರ್ನೇಟರಿನದೋ ಬೇರಿಂಗು. ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ಸೆಕೆಂಡು ಗಲಗಲ ಎಂದು ನಿಲ್ಲುವುದು ಟೈಮಿಂಗ್ ಚೈನು ಸಡಿಲವಾಗಿರುವ ಗುರುತು ಇರಬಹುದು. ಆಕ್ಸಿಲರೇಟರ್ ಒತ್ತಿದಾಗ ಮುಂದಿನಿಂದ ಭೋ ಎಂದು ಗಾಳಿ ಎಳೆದುಕೊಳ್ಳುವ ಸದ್ದು ಬಂದರೆ ಏರ್ ಫಿಲ್ಟರಿನ ಡಬ್ಬಿಯನ್ನೋ ಅದರ ಕೊಳವೆಯನ್ನೋ ಯಾರೋ ಸರಿಯಾಗಿ ಕೂರಿಸಿಲ್ಲ. ರಿವರ್ಸ್ ಗೇರಿಗೆ ಹಾಕಿದಾಗ ದಡ್ ಎಂದು ಇಡೀ ಗಾಡಿ ನಡುಗಿದರೆ ಎಂಜಿನ್ನನ್ನು ಹೊತ್ತ ರಬ್ಬರ್ ಮೌಂಟಿಂಗ್ ಬಿರಿದಿದೆ. ತಳದಲ್ಲಿ ತಗಡು ಜಣಜಣ ಎಂದರೆ ಸೈಲೆನ್ಸರಿನ ಶಾಖ ತಡೆಯುವ ಹಾಳೆಯ ಬೋಲ್ಟು ಕಳಚಿದೆ. ಇದಕ್ಕೆ ಕೆಲವೊಮ್ಮೆ ಒಂದು ಕ್ಲಿಪ್ಪು ಸಾಕು. ನಿಂತಲ್ಲೇ ನ್ಯೂಟ್ರಲ್ಲಿನಲ್ಲಿ ರೇಸ್ ಮಾಡಿದರೂ ಹೆಚ್ಚದೆ, ಓಡುವ ವೇಗಕ್ಕೆ ತಕ್ಕಂತೆ ಮಾತ್ರ ಏರಿಳಿಯುವ ಗುಂಯ್ ಶಬ್ದದಲ್ಲಿ ಎಂಜಿನ್ನಿನ ತಪ್ಪೇನೂ ಇಲ್ಲದಿರಬಹುದು. ಅದು ಟೈರೋ ಚಕ್ರದ ಬೇರಿಂಗೋ ಇದ್ದೀತು. ಇಷ್ಟು ಹೇಳಬಲ್ಲ ಗಿರಾಕಿಗೆ ಬೇಡದ ರಿಪೇರಿಯ ಬಿಲ್ಲು ಅಂಟಿಸುವುದು ಕಷ್ಟ. ‘ಒಂಥರಾ’ ಎನ್ನುವವರ ಕಾರಿನಲ್ಲಿ ಏನು ಬೇಕಾದರೂ ಬದಲಿಸಬಹುದು.

ಈಗ ನನ್ನ ನಿಜವಾದ ದೂರಿಗೆ ಬರುತ್ತೇನೆ. ಗೊತ್ತಿಲ್ಲದಿರುವುದು ತಪ್ಪಲ್ಲ. ಕೇಳದಂತೆ ಮಾಡಿಕೊಳ್ಳುವುದು ತಪ್ಪು. ಹೊಸ ಸದ್ದೊಂದು ಕೇಳಿದಾಗ ಕಾರಿನೊಳಗಿನ ಕೈ ಮೊದಲು ಹೋಗುವುದು ಹಾಡಿನ ವಾಲ್ಯೂಮಿನ ಕಡೆಗೆ. ಗಾಜು ಮೇಲೆ, ಎಸಿ ಚಾಲೂ, ಹಾಡು ಜೋರು, ಮುಗಿಯಿತು. ಹಳೆ ಕಾರು ಮಾರುವ ಕೆಲವರು ದಪ್ಪ ಆಯಿಲ್ ಸುರಿದು ಬಡಿತವನ್ನು ನಾಲ್ಕು ದಿನ ಮುಚ್ಚುತ್ತಾರೆ. ಅದನ್ನು ಮೋಸ ಎನ್ನುತ್ತೇವೆ. ವಾಲ್ಯೂಮ್ ಏರಿಸಿ ನಮಗೆ ನಾವೇ ಅದನ್ನೇ ಮಾಡಿಕೊಂಡಾಗ ಅದಕ್ಕೆ ಆರಾಮ ಎಂದು ಹೆಸರು. ಸಾಕ್ಷಿ ಹೇಳಲು ಬಂದವನ ಬಾಯಿ ಮುಚ್ಚಿಸಿದರೆ ಅಪರಾಧ ನಡೆದೇ ಇಲ್ಲ ಎಂದು ತಿಳಿಯುವ ಅಭ್ಯಾಸ ಇದು.

ಇದು ಕಾರಿನ ಮಾಲೀಕರ ಸಣ್ಣ ದೌರ್ಬಲ್ಯ, ಇದಕ್ಕೇಕೆ ಇಷ್ಟು ಸಿಟ್ಟು ಎನ್ನುವವರು ಎಂಜಿನ್ನಿನ ಇನ್ನೊಂದು ಶಬ್ದದ ಚರಿತ್ರೆ ಓದಬೇಕು. ಏರು ರಸ್ತೆಯಲ್ಲಿ, ಗೇರು ಇಳಿಸದೆ ಆಕ್ಸಿಲರೇಟರ್ ಒತ್ತಿದಾಗ ಕೆಲವು ಪೆಟ್ರೋಲ್ ಎಂಜಿನ್ನುಗಳು ಡಬ್ಬಿಯಲ್ಲಿ ಗೋಲಿ ಕುಲುಕಿದಂತೆ ಕಟಕಟ ಎನ್ನುತ್ತವೆ. ಗ್ಯಾರೇಜಿನ ಭಾಷೆಯಲ್ಲಿ ನಾಕಿಂಗ್. ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಸಿಲಿಂಡರಿನ ಮೂಲೆಯ ಇಂಧನ ತಾನಾಗಿ ಸಿಡಿಯುವುದೇ ಅದರ ಕಾರಣ. ಕಳೆದ ಶತಮಾನದ ಆರಂಭದಲ್ಲಿ ಕಾರು ತಯಾರಕರ ತಲೆನೋವು ಇದು. ನಾಕಿಂಗ್ ಇದ್ದರೆ ಹೆಚ್ಚು ಶಕ್ತಿಯ ಎಂಜಿನ್ ಕಟ್ಟುವಂತಿರಲಿಲ್ಲ. 1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಥಾಮಸ್ ಮಿಡ್ಜ್‌ಲಿ ಮತ್ತು ಸಂಗಡಿಗರು ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಚೂರು ಬೆರೆಸಿದರೆ ಆ ಕಟಕಟ ನಿಲ್ಲುತ್ತದೆ ಎಂದು ಕಂಡುಕೊಂಡರು. ಸೀಸ ವಿಷ ಎಂಬುದು ಆಗಲೂ ಗುಟ್ಟಾಗಿರಲಿಲ್ಲ. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ತಗ್ಗುತ್ತದೆ ಎಂಬುದೂ ಆಗಲೇ ತಿಳಿದಿತ್ತು. ಆದರೂ ಸೀಸವನ್ನೇ ಆರಿಸಿದರು. ಮಾರುವಾಗ ಸೀಸ ಎಂಬ ಪದವನ್ನು ಬಿಟ್ಟು ‘ಈಥೈಲ್’ ಎಂದು ಹೆಸರಿಟ್ಟರು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿನ ಘಟಕದಲ್ಲಿ ಆ ರಾಸಾಯನಿಕ ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿ ಕಲಕಿ ಸತ್ತರು. ಮಾರಾಟ ಕೆಲಕಾಲ ನಿಂತು ಮತ್ತೆ ಶುರುವಾಯಿತು. ಮುಂದಿನ ದಶಕಗಳಲ್ಲಿ ಜಗತ್ತಿನ ಬೀದಿಬೀದಿಯ ಗಾಳಿಗೆ, ಮಣ್ಣಿಗೆ, ಮಕ್ಕಳ ರಕ್ತಕ್ಕೆ ಸೀಸ ಇಳಿಯಿತು. ಭಾರತದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ. ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಒಂದು ಶಬ್ದವನ್ನು ಅಡಗಿಸಲು ಆರಿಸಿಕೊಂಡ ಅಗ್ಗದ ದಾರಿಯ ವಯಸ್ಸು ಸರಿಯಾಗಿ ನೂರು ವರ್ಷ. ಮಿಡ್ಜ್‌ಲಿಯ ಬಳಗಕ್ಕೆ ಕಿವಿ ಚೆನ್ನಾಗಿತ್ತು. ಶಬ್ದ ನಿಂತರೆ ಸಾಕು, ಏನು ಬೆರೆಸಿ ನಿಲ್ಲಿಸಿದೆವು ಎಂದು ಯಾರೂ ಕೇಳಬಾರದು ಎಂಬುದು ಅವರ ಬೆನ್ನಿಗಿದ್ದ ವ್ಯಾಪಾರದ ಒತ್ತಾಯವಾಗಿತ್ತು. ಕೇಳದ ಗಿರಾಕಿಗಳು ಆ ವ್ಯಾಪಾರಕ್ಕೆ ಆಧಾರವಾದರು.

ಶಬ್ದ ಅಡಗಿಸುವ ಮಾರುಕಟ್ಟೆಯ ಪಕ್ಕದಲ್ಲೇ ಶಬ್ದ ಮಾರುವ ಮಾರುಕಟ್ಟೆಯೂ ಇದೆ. ಕಾರಿನೊಳಗೆ ನಿಜದ ಎಂಜಿನ್ ಕೇಳದಷ್ಟು ಮೆತ್ತೆ ತುಂಬಿ, ಆಮೇಲೆ ಸ್ಪೀಕರಿನಿಂದ ಎಂಜಿನ್ ಗರ್ಜನೆ ಹಾಕಿ ಕೇಳಿಸುವ ದುಬಾರಿ ಕಾರುಗಳಿವೆ; 2011ರಲ್ಲಿ ಬಂದ ಬಿಎಂಡಬ್ಲ್ಯು ಎಂ5 ಇದಕ್ಕೆ ಹೆಸರಾದದ್ದು. ಇತ್ತ ನಮ್ಮ ಬೀದಿಗಳಲ್ಲಿ ಕಂಪನಿಯ ಸೈಲೆನ್ಸರ್ ಕಿತ್ತು ಬರಿ ಕೊಳವೆ ಹಾಕಿಸಿಕೊಂಡು ರಾತ್ರಿ ಹನ್ನೊಂದಕ್ಕೆ ಬಡಾವಣೆ ನಡುಗಿಸುವವರಿದ್ದಾರೆ. ಇದನ್ನು ಯೌವನದ ಅಭಿವ್ಯಕ್ತಿ ಎಂದು ಸಮರ್ಥಿಸುವ ವಿದ್ಯಾರ್ಥಿ ಮಿತ್ರರಿಗೆ ಎರಡು ಮಾತು. ಒಂದು, ಅದು ಕಾನೂನಿಗೆ ವಿರುದ್ಧ: ಕೇಂದ್ರ ಮೋಟಾರು ವಾಹನ ನಿಯಮಗಳು ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಬೇಕೆನ್ನುತ್ತವೆ, ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ ಶಬ್ದಮಿತಿ ಮೀರಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ವಸತಿ ಪ್ರದೇಶಕ್ಕೆ 2000ದ ನಿಯಮಗಳು ಇಟ್ಟಿರುವ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಎರಡು, ಅದರಲ್ಲಿ ಅಭಿವ್ಯಕ್ತಿಯೇ ಇಲ್ಲ. ಆ ಕೊಳವೆ ಎಲ್ಲ ಸೂಕ್ಷ್ಮ ಸದ್ದುಗಳನ್ನೂ ನುಂಗಿ ಒಂದೇ ಗರ್ಜನೆ ಉಳಿಸುತ್ತದೆ. ಅದರ ಕೆಳಗೆ ಬೇರಿಂಗ್ ಸಾಯುತ್ತಿದ್ದರೂ ಸವಾರನಿಗೆ ಕೇಳದು. ಕಾರಿನೊಳಗೆ ಹಾಡು ಜೋರು ಮಾಡುವ ಮಧ್ಯವಯಸ್ಸಿನ ಅಧಿಕಾರಿಯೂ ಬೀದಿಯಲ್ಲಿ ಕೊಳವೆ ಬಿಚ್ಚಿ ಹೋಗುವ ಹುಡುಗನೂ ಒಂದೇ ಪಂಥದವರು: ಎಂಜಿನ್ ಹೇಳುವುದನ್ನು ಇಬ್ಬರೂ ಕೇಳಲೊಲ್ಲರು.

ನನ್ನ ವಾದಕ್ಕೆ ಬರಬಹುದಾದ ಎದುರು ಮಾತುಗಳನ್ನೂ ನೋಡೋಣ. ಈಗ ಸ್ಕ್ಯಾನರ್ ಇದೆ, ಕಂಪ್ಯೂಟರಿಗೆ ಜೋಡಿಸಿದರೆ ದೋಷದ ಕೋಡ್ ಬರುತ್ತದೆ, ಕಿವಿಯ ಕಾಲ ಮುಗಿಯಿತು ಎನ್ನುತ್ತಾರೆ. ಸ್ಕ್ಯಾನರ್ ಒಳ್ಳೆಯದೇ. ಆದರೆ ಅದಕ್ಕೆ ಸುದ್ದಿ ಕೊಡುವ ಸಾಧನಗಳಲ್ಲಿ ಒಂದರ ಹೆಸರು ನಾಕ್ ಸೆನ್ಸರ್. ಎಂಜಿನ್ ಬ್ಲಾಕಿಗೆ ಬೋಲ್ಟು ಹಾಕಿ ಕೂರಿಸಿದ, ಕಂಪನಕ್ಕೆ ವಿದ್ಯುತ್ತು ಹುಟ್ಟಿಸುವ ಸ್ಫಟಿಕದಂಥ ವಸ್ತು ಅದರೊಳಗಿದೆ. ಅಂದರೆ ಅದೊಂದು ಕಿವಿ. ಎಂಜಿನಿಯರುಗಳು ಕಿವಿಯನ್ನು ಎಸೆಯಲಿಲ್ಲ, ಯಂತ್ರಕ್ಕೇ ಒಂದನ್ನು ಅಂಟಿಸಿದರು. ಅದಕ್ಕೆ ಕಲಿಸಿರುವುದು ನಾಕಿಂಗ್ ಒಂದನ್ನೇ. ಬೆಲ್ಟಿನ ಕಿರುಚು, ಪಂಪಿನ ಗೊರಗೊರ, ರಬ್ಬರ್ ಬಿರಿದ ದಡ್ ಇವು ಯಾವುದಕ್ಕೂ ಕೋಡ್ ಬರಬೇಕೆಂದಿಲ್ಲ. ಅದಕ್ಕೇ ಹಳೆಯ ಮೇಸ್ತ್ರಿಗಳು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟವರಿಗೆ, ಸಣ್ಣ ಊರಿನ ಬೈಪಾಸ್ ಪಕ್ಕದ ತಗಡಿನ ಶೆಡ್ಡಿನವರಿಗೆ ಇದು ದಿನದ ಕೆಲಸ. ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟರೆ ವಿದ್ಯೆ, ಎಣ್ಣೆ ಮೆತ್ತಿದ ಕೈಯವರು ಎಂಜಿನ್ನಿಗೆ ಸ್ಕ್ರೂಡ್ರೈವರ್ ಇಟ್ಟರೆ ಅಂದಾಜು ಎನ್ನುವ ನಮ್ಮ ತರತಮದಲ್ಲಿ ಜಾತಿಯೂ ವರ್ಗವೂ ಅಡಗಿವೆ.

ಎರಡನೆಯ ಮಾತು: ಎಲೆಕ್ಟ್ರಿಕ್ ಕಾರು ಬಂದಿದೆ, ಎಂಜಿನ್ ಶಬ್ದವೇ ಇರುವುದಿಲ್ಲ. ಇರುವುದಿಲ್ಲ, ನಿಜ. ಆದರೆ ಸದ್ದಿಲ್ಲದ ಕಾರು ಕುರುಡರಿಗೂ ಪಾದಚಾರಿಗಳಿಗೂ ಅಪಾಯ ಎಂದು ಯುರೋಪು 2019ರಿಂದ ಹೊಸ ಮಾದರಿಯ ಎಲೆಕ್ಟ್ರಿಕ್ ಕಾರುಗಳು ನಿಧಾನವಾಗಿ ಹೋಗುವಾಗ ಕೃತಕ ಸದ್ದು ಮಾಡಲೇಬೇಕು ಎಂದು ಕಡ್ಡಾಯ ಮಾಡಿತು. ಶಬ್ದ ಎಂದರೆ ತೊಂದರೆ ಮಾತ್ರವಲ್ಲ, ಮಾಹಿತಿಯೂ ಹೌದು ಎಂಬುದನ್ನು ಕಾನೂನೇ ಒಪ್ಪಿತು. ಇನ್ನು ನಮ್ಮ ರಸ್ತೆಗಳಲ್ಲಿ ಈಗಾಗಲೇ ಓಡುತ್ತಿರುವ ಪೆಟ್ರೋಲ್, ಡೀಸೆಲ್ ಗಾಡಿಗಳು ನಾಳೆ ಬೆಳಗ್ಗೆ ಮಾಯವಾಗುವುದಿಲ್ಲ. ಅವು ಹಳತಾಗುತ್ತಾ ಹೆಚ್ಚು ಮಾತಾಡುತ್ತವೆ.

ಮೂರನೆಯ ಮಾತು ಈ ಪತ್ರಿಕೆಯ ಓದುಗರದೇ: ನಮ್ಮ ಬಳಿ ಕಾರಿಲ್ಲ, ನಾವು ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗಳು, ನಮಗೇಕೆ ಇದು? ನಿಮಗೇ ಇದು ಹೆಚ್ಚು ಬೇಕು. ಮಾಲೀಕನಿಗೆ ಬೇಕಿರುವುದು ರಿಪೇರಿ. ನಿಮಗೆ ಬೇಕಿರುವುದು ಭಾಷೆ. ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಬರೆದಾಗ ಮಲೆನಾಡಿಗೆ ಬಂದ ಬೈಸಿಕಲ್ ಜನರ ಬಾಯಲ್ಲಿ ‘ಬೀಸೆಕಲ್ಲು’ ಆದದ್ದನ್ನು ಕಿವಿಗೊಟ್ಟು ಕೇಳಿ ಕಾದಂಬರಿಗೆ ತಂದರು. ಯಂತ್ರವೊಂದು ಕನ್ನಡದ ಮನೆಯೊಳಗೆ ಕಾಲಿಟ್ಟ ಕ್ಷಣ ಆ ಒಂದು ಪದದಲ್ಲಿ ಉಳಿಯಿತು. ಈಗ ಗ್ಯಾರೇಜುಗಳಲ್ಲಿ ಅಂಥವು ದಿನಾ ಹುಟ್ಟುತ್ತಿವೆ. ಗಾಡಿ ‘ಮಿಸ್ಸಿಂಗ್ ಹೊಡೆಯುತ್ತದೆ’, ‘ಪಿಕಪ್ ಬಿಡುತ್ತದೆ’, ‘ಬೋರಿಗೆ ಬರುತ್ತದೆ’, ‘ಆಯಿಲ್ ಕುಡಿಯುತ್ತದೆ’, ‘ಎಂಜಿನ್ ಕೆಳಗಿಳಿಸಬೇಕಾಗುತ್ತದೆ’. ಕನ್ನಡ, ದಖನಿ, ತಮಿಳು, ಇಂಗ್ಲಿಷು ಕೂಡಿ ಬೇಯಿಸಿದ ಈ ನುಡಿಗಟ್ಟುಗಳಲ್ಲಿ ನಮ್ಮ ನಿಘಂಟುಗಳಿಗೆ ಎಷ್ಟು ಸೇರಿವೆ? ಅಡುಗೋಡಿಯಲ್ಲಿ ಮೈಕೋ ಕಾರ್ಖಾನೆ ಶುರುವಾಗಿ ಏಳು ದಶಕ ದಾಟಿತು. ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಮಾಡುತ್ತ ಅಲ್ಲಿ ತಲೆಮಾರುಗಳು ಬದುಕಿದವು. ಆ ಕೈಗಳ, ಕಿವಿಗಳ ಅನುಭವಕ್ಕೆ ತಕ್ಕಷ್ಟು ಸಾಹಿತ್ಯ ನಮ್ಮಲ್ಲಿ ಇದೆಯೇ? ಹೊಲದ ಪದಗಳನ್ನು, ಮಗ್ಗದ ಪದಗಳನ್ನು ಸಂಗ್ರಹಿಸಿದ್ದಕ್ಕೆ ನಾವು ಹೆಮ್ಮೆ ಪಡುತ್ತೇವೆ, ಪಡಬೇಕು. ಗ್ಯಾರೇಜಿನ ಪದಗಳನ್ನು ಬಿಟ್ಟದ್ದಕ್ಕೆ ನಾಚಿಕೆಯನ್ನೂ ಪಡಬೇಕು.

ಆದ್ದರಿಂದ ಮೂರು ಬೇಡಿಕೆಗಳು. ಕಾರು ಇರುವವರು ವಾರಕ್ಕೊಮ್ಮೆ ಹಾಡು ಆರಿಸಿ, ಗಾಜು ಇಳಿಸಿ, ಗೋಡೆಯೊಂದರ ಪಕ್ಕ ನಿಧಾನವಾಗಿ ಓಡಿಸಿ ಕೇಳಿರಿ. ಗೋಡೆ ಸದ್ದನ್ನು ತಿರುಗಿ ಕೊಡುತ್ತದೆ. ಸಮತಟ್ಟು ಜಾಗದಲ್ಲಿ ಎಂಜಿನ್ ಆರಿಸಿ, ನಾಲ್ಕು ನಿಮಿಷ ಬಿಟ್ಟು ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿರಿ. ಟಿಕ್ ಟಿಕ್ ದಬ್ ದಬ್ ಆಗುವುದನ್ನು ತಡೆಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ವಿದ್ಯಾರ್ಥಿಗಳು ಒಂದು ಮಧ್ಯಾಹ್ನ ನೋಟ್ ಬುಕ್ ಹಿಡಿದು ಗ್ಯಾರೇಜಿಗೆ ಹೋಗಿ, ಅಲ್ಲಿನ ಮೇಸ್ತ್ರಿ ಯಾವ ಸದ್ದಿಗೆ ಯಾವ ಹೆಸರಿಡುತ್ತಾರೆ ಎಂದು ಬರೆದುಕೊಳ್ಳಿ. ಸೆಮಿಸ್ಟರಿನ ಯಾವ ಪ್ರಬಂಧಕ್ಕಿಂತಲೂ ಅದು ಹೆಚ್ಚು ಕಾಲ ಉಳಿದೀತು. ಬರೆಯುವವರು ಮುಂದಿನ ಸಲ ‘ಕರ್ಕಶ’ ಎಂದು ಬರೆಯಲು ಕೈ ಹೋದಾಗ ಒಂದು ಗಳಿಗೆ ನಿಂತು, ಆ ಗಾಡಿ ಭೋರ್ಗರೆಯುತ್ತಿತ್ತೋ, ಟಿಕ್ ಟಿಕ್ ಎನ್ನುತ್ತಿತ್ತೋ, ಕಿರುಚುತ್ತಿತ್ತೋ ಎಂದು ಕೇಳಿಕೊಳ್ಳಿರಿ. ಉತ್ತರ ಗೊತ್ತಿಲ್ಲದಿದ್ದರೆ ಆ ವಾಕ್ಯ ಬರೆಯಬೇಡಿ. ಕೇಳಿಸಿಕೊಳ್ಳದೆ ಬೈಯುವ ಹಕ್ಕು ಯಂತ್ರದ ಮೇಲೂ ಯಾರಿಗೂ ಇಲ್ಲ.